ನ್ಯೂಮರಿಕಲ್ ಅನಾಲಿಸಿಸ್ ಸುದ್ದಿ–ಪ್ರಕಟಣೆಗಳು: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ಜಿಲ್ಲೆಗಳ ಎಂ.ಎಸ್ಸಿ., ಬಿ.ಇ. ವಿದ್ಯಾರ್ಥಿಗಳು, ಪಿಎಚ್‌.ಡಿ.ಗೆ ಸೇರಿದವರು, ಡಿಗ್ರಿ ಕಾಲೇಜಿನ ಗಣಿತದ ಮೇಷ್ಟ್ರು–ಮೇಡಂಗಳು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಸಮ್ಮೇಳನ, ಬಹುಮಾನ, ಸಂಶೋಧನಾ ಹುದ್ದೆ, ಸಾಫ್ಟ್‌ವೇರ್ ಬಿಡುಗಡೆ ಇಂಥವುಗಳ ಪ್ರಕಟಣೆ ಕಣ್ಣಿಗೆ ಬಿದ್ದಾಗ ಅದರಲ್ಲಿ ಏನು ನೋಡಬೇಕು, ಯಾವ ಕೆಲಸ ಮೊದಲು ಮಾಡಬೇಕು ಅನ್ನುವುದಷ್ಟೇ ಇಲ್ಲಿನ ವಿಷಯ. ನ್ಯೂಮರಿಕಲ್ ಅನಾಲಿಸಿಸ್ ಅಂದರೆ ಗಣಿತದ ಸಮಸ್ಯೆಗಳಿಗೆ ಅಂಕಿಗಳಲ್ಲಿ ಅಂದಾಜು ಉತ್ತರ ಹುಡುಕುವ, ಆ ಉತ್ತರದ ದೋಷ ಅಳೆಯುವ ಶಾಖೆ.

ನ್ಯೂಟನ್–ರಾಫ್ಸನ್, ಸಿಂಪ್ಸನ್ ರೂಲ್ ಎಲ್ಲ ನೂರಾರು ವರ್ಷ ಹಳೆಯವು. ಇದರಲ್ಲಿ ಹೊಸ ಸುದ್ದಿ ಏನಿರುತ್ತದೆ?

ಸೆಮಿಸ್ಟರ್‌ನಲ್ಲಿ ಓದುವುದು ವಿಧಾನಗಳನ್ನು. ಸಂಶೋಧಕರು ತಲೆ ಕೆಡಿಸಿಕೊಳ್ಳುವುದು ಬೇರೆಯದಕ್ಕೆ: ಕಂಪ್ಯೂಟರ್ ಕೊಟ್ಟ ಉತ್ತರದಲ್ಲಿ ಎಷ್ಟು ಅಂಕಿ ನಂಬಬಹುದು, ಅಷ್ಟು ನಂಬಿಕೆಗೆ ಎಷ್ಟು ಖರ್ಚು. ಯಂತ್ರ ಬದಲಾದಾಗೆಲ್ಲ ಇದರ ಉತ್ತರವೂ ಬದಲಾಗುತ್ತದೆ. ಈಗಂತೂ ಎಐಗಾಗಿ ಮಾಡಿದ ಚಿಪ್‌ಗಳು 16 ಬಿಟ್‌ನ ಸಂಖ್ಯೆಗಳಲ್ಲಿ ಬಲು ವೇಗವಾಗಿ ಲೆಕ್ಕ ಮಾಡುತ್ತವೆ. ಹಾಗಾಗಿ ಪ್ರಕಟಣೆಗಳಲ್ಲಿ ಪದೇ ಪದೇ ಕಾಣುವ ಪದ ‘ಮಿಕ್ಸೆಡ್ ಪ್ರಿಸಿಷನ್’: ಲೆಕ್ಕದ ಕೆಲವು ಭಾಗ ಕಡಿಮೆ ಬಿಟ್‌ನಲ್ಲಿ, ಉಳಿದದ್ದು ಹೆಚ್ಚು ಬಿಟ್‌ನಲ್ಲಿ.

ಅದರ ತೊಡಕು ತಿಳಿಯಲು ಗಂಗಾವತಿಯ ಒಂದು ರೈಸ್ ಮಿಲ್ಲು ಸಾಕು. ಭತ್ತದ ಚೀಲಗಳನ್ನು ಒಂದೊಂದೇ ಕೂಡಿಸುತ್ತ ಹೋಗುವ ಪ್ರೋಗ್ರಾಂ 16 ಬಿಟ್‌ನ ಹಾಫ್ ಪ್ರಿಸಿಷನ್‌ನಲ್ಲಿ ಇದೆ ಅನ್ನಿ. 2048 ಚೀಲದವರೆಗೆ ಲೆಕ್ಕ ಸರಿ. ಮುಂದಿನ ಚೀಲಕ್ಕೆ 2049 ಆಗಬೇಕು, ಆದರೆ ಹಾಫ್‌ನಲ್ಲಿ ಆ ಸಂಖ್ಯೆಯೇ ಇಲ್ಲ. 2048 ಬಿಟ್ಟರೆ 2050. ನಡುವೆ ಸಿಕ್ಕಿಬಿದ್ದ 2049ನ್ನು ನಿಯಮದ ಪ್ರಕಾರ, ಕೊನೆಯ ಬಿಟ್ ಸೊನ್ನೆ ಇರುವ ಕಡೆಗೆ ತಳ್ಳಬೇಕು. ಅದು ಮತ್ತೆ 2048. ಅಲ್ಲಿಂದಾಚೆ ಎಷ್ಟು ಲಾರಿ ಬಂದು ನಿಂತರೂ ಎಣಿಕೆ ಅಲ್ಲೇ ನಿಲ್ಲುತ್ತದೆ, ಎರರ್ ಸಂದೇಶವೂ ಬರುವುದಿಲ್ಲ. ಬಿಫ್ಲೋಟ್16 ಎಂಬ ಇನ್ನೊಂದು 16 ಬಿಟ್ ಮಾದರಿಯಲ್ಲಿ ಈ ಎಣಿಕೆ 256ಕ್ಕೇ ನಿಂತುಬಿಡುತ್ತದೆ. ಸಿಂಗಲ್ ಪ್ರಿಸಿಷನ್‌ನಲ್ಲಿ (32 ಬಿಟ್) 1,67,77,216ಕ್ಕೆ.

ಪರಿಹಾರ ಒಂದಲ್ಲ. ಗಣಿತಜ್ಞ ವಿಲಿಯಂ ಕಹಾನ್ 1965ರಲ್ಲಿ ತೋರಿಸಿದ ಹಾಗೆ, ಉದುರಿಹೋದ ಚಿಲ್ಲರೆಯನ್ನು ಬೇರೆ ಡಬ್ಬಿಯಲ್ಲಿ ಇಟ್ಟುಕೊಂಡು ಮುಂದಿನ ಸಲ ಸೇರಿಸಬಹುದು. ಅಥವಾ ಸ್ಟೊಕ್ಯಾಸ್ಟಿಕ್ ರೌಂಡಿಂಗ್ ಮಾಡಬಹುದು: 2049 ಬಂದಾಗ ನಾಣ್ಯ ಚಿಮ್ಮಿದಂತೆ ಅರ್ಧ ಸಲ 2048, ಅರ್ಧ ಸಲ 2050. ಒಂದೊಂದು ಸಲ ತಪ್ಪು, ಸರಾಸರಿ ಸರಿ. ಸಮೀಕರಣ ಬಿಡಿಸುವ ಕೆಲಸಕ್ಕಾದರೆ ಇಟರೇಟಿವ್ ರಿಫೈನ್‌ಮೆಂಟ್: ದುಬಾರಿಯಾದ ಎಲ್‌ಯು ವಿಭಜನೆಯನ್ನು (ಮ್ಯಾಟ್ರಿಕ್ಸನ್ನು ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಒಡೆಯುವುದು) ಕಡಿಮೆ ಬಿಟ್‌ನಲ್ಲಿ ಮುಗಿಸಿ, ಉಳಿಕೆಯನ್ನು (ರೆಸಿಡ್ಯುಯಲ್) ಹೆಚ್ಚು ಬಿಟ್‌ನಲ್ಲಿ ಲೆಕ್ಕ ಹಾಕಿ ಉತ್ತರ ತಿದ್ದುತ್ತ ಹೋಗುವುದು. ಹಾಫ್‌ನಲ್ಲಿ ವಿಭಜಿಸಿದರೆ ಮ್ಯಾಟ್ರಿಕ್ಸ್‌ನ ಕಂಡಿಷನ್ ನಂಬರ್ (ಕೊಟ್ಟ ಅಂಕಿಯ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಹಿಗ್ಗಬಹುದು ಎಂಬ ಅಳತೆ) ಸುಮಾರು 2000 ದಾಟುತ್ತಿದ್ದಂತೆ ಈ ತಿದ್ದುವಿಕೆ ಕೈಕೊಡಬಹುದು. 65,520 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಹಾಫ್‌ನಲ್ಲಿ ಅದು ಅನಂತವೇ ಆಗಿಬಿಡುತ್ತದೆ. ಮೊದಲು ಮ್ಯಾಟ್ರಿಕ್ಸನ್ನು ಸ್ಕೇಲ್ ಮಾಡಿ ಅನ್ನುವುದು ಅದಕ್ಕೇ.

ಯಾವ ಯಾವ ತರಹದ ಪ್ರಕಟಣೆ ಬರುತ್ತವೆ?

ಸಮ್ಮೇಳನ, ಕಾರ್ಯಾಗಾರ, ಬೇಸಿಗೆ ಶಾಲೆ, ಪಿಎಚ್‌.ಡಿ., ಪೋಸ್ಟ್‌ಡಾಕ್, ಬೋಧಕ ಹುದ್ದೆ; ಪತ್ರಿಕೆಯ ವಿಶೇಷ ಸಂಚಿಕೆ; ಬಹುಮಾನ; ಸಾಫ್ಟ್‌ವೇರ್‌ನ ಹೊಸ ಆವೃತ್ತಿ; ನಿಧನ ವಾರ್ತೆ. ಹಿರಿಯರೊಬ್ಬರಿಗೆ 60 ತುಂಬಿತೆಂದು ನಡೆಸುವ ಕಾರ್ಯಾಗಾರಗಳೂ ಇವೆ. ಇವನ್ನು ಬರೀ ಸನ್ಮಾನ ಎಂದು ಬಿಡಬೇಡಿ, ಆ ಕ್ಷೇತ್ರದ ದೊಡ್ಡವರೆಲ್ಲ ಒಂದೇ ಕಡೆ ಸಿಗುವುದು ಅಲ್ಲೇ. ಸ್ಟ್ಯಾನ್‌ಫರ್ಡ್‌ನ ಮ್ಯಾಟ್ರಿಕ್ಸ್ ಲೆಕ್ಕಗಳ ಹಿರಿಯ ತಜ್ಞ ಜೀನ್ ಗೋಲುಬ್ ಹುಟ್ಟಿದ್ದು 1932ರ ಫೆಬ್ರವರಿ 29ರಂದು. ಅವರು 2007ರ ನವೆಂಬರ್‌ನಲ್ಲಿ ತೀರಿಕೊಂಡ ಮೇಲೆ 2008ರ ಫೆಬ್ರವರಿ 29ಕ್ಕೆ ಜಗತ್ತಿನ ಹಲವು ಊರುಗಳಲ್ಲಿ ಒಂದೇ ದಿನ ಸ್ಮರಣೆಯ ಸಭೆಗಳು ನಡೆದವು.

ಮುಖ್ಯ ಸಮ್ಮೇಳನಗಳು ಯಾವುವು? ಎಷ್ಟು ವರ್ಷಕ್ಕೊಮ್ಮೆ?

ಎಲ್ಲಕ್ಕಿಂತ ದೊಡ್ಡದು ಐಸಿಐಎಎಂ (ಕೈಗಾರಿಕಾ ಮತ್ತು ಅನ್ವಯಿಕ ಗಣಿತದ ಅಂತರರಾಷ್ಟ್ರೀಯ ಸಮ್ಮೇಳನ), ನಾಲ್ಕು ವರ್ಷಕ್ಕೊಮ್ಮೆ. 2019ರಲ್ಲಿ ವೆಲೆನ್ಸಿಯಾ, 2023ರಲ್ಲಿ ಟೋಕಿಯೊ, 2027ರದ್ದು ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ. ಯುರೋಪಿನ ಎನುಮ್ಯಾತ್ ಎರಡು ವರ್ಷಕ್ಕೊಮ್ಮೆ. ಸ್ಕಾಟ್‌ಲೆಂಡಿನಲ್ಲಿ ಮೊದಲು ಡಂಡೀಯಲ್ಲಿ ನಡೆಯುತ್ತಿದ್ದ ದ್ವೈವಾರ್ಷಿಕ ಸಮ್ಮೇಳನ ಈಗ ಸ್ಟ್ರಾತ್‌ಕ್ಲೈಡ್‌ನಲ್ಲಿ, ಬೆಸ ವರ್ಷಗಳಲ್ಲಿ. ಲೀನಿಯರ್ ಆಲ್ಜಿಬ್ರಾದವರಿಗೆ ಹೌಸ್‌ಹೋಲ್ಡರ್ ಸಿಂಪೋಸಿಯಂ ಮೂರು ವರ್ಷಕ್ಕೊಮ್ಮೆ. 1961ರಲ್ಲಿ ಅಮೆರಿಕದ ಗ್ಯಾಟ್ಲಿನ್‌ಬರ್ಗ್‌ನಲ್ಲಿ ಶುರುವಾದ ಪರಂಪರೆ ಅದು. ಅದಕ್ಕೆ ದುಡ್ಡು ಕಟ್ಟಿ ನೋಂದಾಯಿಸಿದರೆ ಆಗಲಿಲ್ಲ. ಅರ್ಜಿ ಹಾಕಬೇಕು, ಆಯ್ಕೆಯಾಗಬೇಕು.

ನಮ್ಮ ಕಡೆಯವರಿಗೆ ಮೊದಲ ಮೆಟ್ಟಿಲು ಇವ್ಯಾವುವೂ ಅಲ್ಲ. ಬೆಂಗಳೂರಿನ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ), ಟಿಐಎಫ್‌ಆರ್‌ನ ಅನ್ವಯಿಕ ಗಣಿತ ಕೇಂದ್ರ, ಐಐಎಸ್ಸಿ ನಡೆಸುವ ಕಾರ್ಯಾಗಾರ ನೋಡಿ. ನ್ಯಾಷನಲ್ ಸೆಂಟರ್ ಫಾರ್ ಮ್ಯಾಥಮೆಟಿಕ್ಸ್ ದೇಶದ ಬೇರೆ ಬೇರೆ ಊರುಗಳಲ್ಲಿ ನಡೆಸುವ ಶಾಲೆಗಳನ್ನೂ ನೋಡಿ. ಹಂಪಿ ಎಕ್ಸ್‌ಪ್ರೆಸ್ಸಿಗೆ ರಾತ್ರಿ ಹತ್ತಿದರೆ ಬೆಳಗ್ಗೆ ಬೆಂಗಳೂರು. ಇಂಥ ಕಡೆ ಒಂದು ವಾರ ಕುಳಿತು ಬಂದವರ ಅರ್ಜಿಗೆ ಹೊರದೇಶದ ಸಮ್ಮೇಳನದಲ್ಲೂ ತೂಕ ಇರುತ್ತದೆ.

ಕೊನೆಯ ದಿನಾಂಕದ ಪಕ್ಕ ‘ಎಒಇ’ ಅಂತ ಇರುತ್ತದೆ. ಹಾಗಂದರೇನು?

‘ಎನಿವೇರ್ ಆನ್ ಅರ್ತ್’. ಭೂಮಿಯ ಮೇಲೆ ಎಲ್ಲಾದರೂ ಒಂದು ಕಡೆ ಆ ದಿನ ಇನ್ನೂ ಮುಗಿದಿಲ್ಲವೆಂದರೆ ಅವಕಾಶ ಇದೆ ಎಂದರ್ಥ. ಅದು ನಮ್ಮ ಗಡಿಯಾರಕ್ಕಿಂತ ಹದಿನೇಳೂವರೆ ಗಂಟೆ ಹಿಂದೆ. 15ನೇ ತಾರೀಖು ರಾತ್ರಿ 11.59 ಎಒಇ ಅಂದರೆ ನಮಗೆ 16ರ ಸಂಜೆ 5.29. ಅಮೆರಿಕದ ಪೂರ್ವ ಕರಾವಳಿಯ ನಡುರಾತ್ರಿ ಎಂದಿದ್ದರೆ ಮರುದಿನ ಬೆಳಗ್ಗೆ 9.29, ಚಳಿಗಾಲದಲ್ಲಿ 10.29. ಸಮಯದ ವಲಯವನ್ನೇ ಹಾಕದ ಪ್ರಕಟಣೆ ಇದ್ದರೆ ನಮ್ಮ ಗಡಿಯಾರವೇ ಕೊನೆ ಎಂದು ತಿಳಿದುಕೊಳ್ಳುವುದು ಕ್ಷೇಮ. ಕೊನೇ ಅರ್ಧ ಗಂಟೆಯಲ್ಲಿ ಸರ್ವರ್ ಕೈಕೊಡುವುದು, ಇಲ್ಲಿ ಕರೆಂಟ್ ಹೋಗುವುದು ಎರಡೂ ಒಟ್ಟಿಗೇ ಆಗುತ್ತವೆ.

ಅಬ್‌ಸ್ಟ್ರಾಕ್ಟ್ ಹೇಗೆ ಬರೆಯಬೇಕು? ನಮ್ಮದು ಯಾಕೆ ತಿರಸ್ಕೃತವಾಗುತ್ತದೆ?

ಜಾಗ ಕಡಿಮೆ, ಹೆಚ್ಚೂಕಡಿಮೆ 1,500 ಅಕ್ಷರ. ಅದರಲ್ಲಿ ಮುಕ್ಕಾಲು ಭಾಗ ‘ಡಿಫರೆನ್ಷಿಯಲ್ ಈಕ್ವೇಷನ್‌ಗಳು ವಿಜ್ಞಾನದಲ್ಲಿ ಬಹಳ ಮುಖ್ಯ’ ಎಂಬ ಪೀಠಿಕೆಗೇ ಹೋಗುವುದು ಸಾಮಾನ್ಯ ತಪ್ಪು. ಓದುವವರಿಗೆ ಅದು ಗೊತ್ತು. ಮೊದಲ ವಾಕ್ಯದಲ್ಲಿ ಸಮಸ್ಯೆ, ಎರಡನೆಯದರಲ್ಲಿ ಈಗಿರುವ ವಿಧಾನ ಎಲ್ಲಿ ಸೋಲುತ್ತದೆ, ಮೂರು–ನಾಲ್ಕರಲ್ಲಿ ನೀವು ಮಾಡಿದ್ದು, ಕೊನೆಗೆ ಒಂದು ಅಂಕಿ ಇರುವ ಫಲಿತಾಂಶ. ‘ನಮ್ಮ ವಿಧಾನ ಹೆಚ್ಚು ನಿಖರ’ ಅಂದರೆ ಯಾರೂ ಕಿವಿಗೊಡುವುದಿಲ್ಲ. ‘ಜಾಲರಿಯ ಅಂತರ ಅರ್ಧ ಮಾಡಿದಾಗ ದೋಷ ಕಾಲು ಭಾಗಕ್ಕೆ ಇಳಿಯಿತು, ಅಂದರೆ ಸೆಕೆಂಡ್ ಆರ್ಡರ್ ವಿಧಾನ’ ಅಂದರೆ ಓದುತ್ತಾರೆ.

ತಿರಸ್ಕಾರಕ್ಕೆ ಇನ್ನೊಂದು ದೊಡ್ಡ ಕಾರಣ, ಹೋಲಿಕೆಯೇ ಇಲ್ಲದಿರುವುದು. ಯಾವುದೋ ಸರಣಿ ವಿಧಾನದಿಂದ ಒಂದು ಸಮೀಕರಣ ಬಿಡಿಸಿ ಆರು ಗ್ರಾಫ್ ಹಾಕುತ್ತಾರೆ. ಉತ್ತರ ಗೊತ್ತಿರುವ ಒಂದು ಪ್ರಶ್ನೆಯ ಮೇಲೆ ಅದನ್ನು ಓಡಿಸಿ ನೋಡಿರುವುದಿಲ್ಲ.

‘ಮಿನಿಸಿಂಪೋಸಿಯಂ’ ಎಂದಿದ್ದರೆ ಒಂದೇ ವಿಷಯದ ಮೇಲೆ ಸಾಮಾನ್ಯವಾಗಿ ನಾಲ್ಕು ಭಾಷಣಗಳ ಗುಂಪು. ಅದರ ಸಂಘಟಕರಿಗೆ ಮುಂಚೆಯೇ ಐದು ಸಾಲಿನ ಮೇಲ್ ಹಾಕಿ ಜಾಗ ಇದೆಯೇ ಕೇಳಿ. ಬಿಡಿಯಾಗಿ ಹಾಕುವುದಕ್ಕಿಂತ ಇದು ಒಳ್ಳೆಯ ದಾರಿ, ಏಕೆಂದರೆ ಕೇಳುಗರು ನಿಮ್ಮ ವಿಷಯದವರೇ ಆಗಿರುತ್ತಾರೆ.

ಇಲ್ಲಿಯದೇ ವಿಷಯ ಇಟ್ಟುಕೊಂಡರೆ ಹೊರಗಿನವರು ಒಪ್ಪುತ್ತಾರಾ?

ಲೆಕ್ಕ ಗಟ್ಟಿಯಿದ್ದರೆ ಒಪ್ಪುತ್ತಾರೆ. ತುಂಗಭದ್ರಾ ಜಲಾಶಯವನ್ನೇ ನೋಡಿ. 1953ರ ಹೊತ್ತಿಗೆ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಹೂಳು ತುಂಬಿ 105.79 ಟಿಎಂಸಿಗೆ ಇಳಿದಿದೆ, ಪೂರ್ಣ ಮಟ್ಟ 1,633 ಅಡಿ. ಈ ಟಿಎಂಸಿ ಅಂಕಿಯನ್ನು ಯಾರೂ ಅಳೆದು ಹೇಳುವುದಿಲ್ಲ. ಅಳೆಯುವುದು ನೀರಿನ ಮಟ್ಟ. ಮಟ್ಟದಿಂದ ಸಂಗ್ರಹಕ್ಕೆ ಹೋಗುವುದು ಕೋಷ್ಟಕ ಮತ್ತು ಇಂಟರ್‌ಪೊಲೇಷನ್ ಮೂಲಕ. ಕೋಷ್ಟಕ ಮಾಡುವಾಗ ಎರಡು ಮಟ್ಟಗಳಲ್ಲಿ ನೀರು ಹರಡಿದ ವಿಸ್ತೀರ್ಣ ತೆಗೆದುಕೊಂಡು ನಡುವಿನ ಘನಗಾತ್ರ ಲೆಕ್ಕ ಹಾಕುತ್ತಾರೆ.

ಉದಾಹರಣೆಗೆಂದು ಹಿಡಿದ ಅಂಕಿಗಳು ಇವು: ಕೆಳಗಿನ ಮಟ್ಟದಲ್ಲಿ 200 ಚದರ ಕಿ.ಮೀ., 3 ಮೀಟರ್ ಮೇಲೆ 242 ಚದರ ಕಿ.ಮೀ. ಟ್ರೆಪಿಝಾಯ್ಡ್ ಸೂತ್ರದಲ್ಲಿ, ಎರಡರ ಸರಾಸರಿ 221 ಇಂಟು 3, ಅಂದರೆ 663 ದಶಲಕ್ಷ ಘನ ಮೀಟರ್. ಶಂಕುವಿನ ತುಂಡಿನ ಸೂತ್ರದಲ್ಲಿ ಎರಡು ವಿಸ್ತೀರ್ಣ ಹಾಗೂ ಅವುಗಳ ಗುಣಲಬ್ಧದ ವರ್ಗಮೂಲ (220) ಕೂಡಿಸಿ, ಎತ್ತರದಿಂದ ಗುಣಿಸಿ, 3ರಿಂದ ಭಾಗಿಸಬೇಕು. 200 + 242 + 220 = 662; ಎತ್ತರವೂ 3 ಆದ್ದರಿಂದ ಉತ್ತರ 662. ವ್ಯತ್ಯಾಸ 1 ದಶಲಕ್ಷ ಘನ ಮೀಟರ್. ಪುಟದ ಮೇಲೆ ಏನೂ ಅಲ್ಲ, ಕಾಲುವೆಯಲ್ಲಿ ಅದು ಒಂದು ದಿನಪೂರ್ತಿ ಸುಮಾರು 409 ಕ್ಯೂಸೆಕ್ ನೀರು. ಕೊನೆಯ ಭಾಗದ ರೈತರಿಗೆ ಇದು ಸಣ್ಣ ಅಂಕಿಯಲ್ಲ.

ಹಾಗಂತ ಸೂತ್ರಕ್ಕೇ ಜೋತುಬೀಳಬೇಡಿ. ಅದೇ 242 ಚದರ ಕಿ.ಮೀ. ನೀರಿನ ಮೇಲೆ ಮಟ್ಟ ಓದುವುದರಲ್ಲಿ 5 ಸೆಂಟಿಮೀಟರ್ ತಪ್ಪಾದರೆ 12.1 ದಶಲಕ್ಷ ಘನ ಮೀಟರ್, ಅಂದರೆ 0.43 ಟಿಎಂಸಿ ಆಚೀಚೆ. ಸೂತ್ರದ ದೋಷಕ್ಕಿಂತ ಹನ್ನೆರಡು ಪಟ್ಟು! ಗಾಳಿ ಜೋರಾಗಿ ಬೀಸಿ ಅಲೆ ಎದ್ದ ದಿನ ಅಷ್ಟು ತಪ್ಪು ಓದುವುದು ಕಷ್ಟವೇನಲ್ಲ. ಯಾವ ದೋಷ ಮಾಹಿತಿಯದು, ಯಾವುದು ವಿಧಾನದ್ದು, ಯಾವುದು ರೌಂಡಿಂಗಿನದು ಎಂದು ಬೇರ್ಪಡಿಸಿ ತೋರಿಸಿದ ಕೆಲಸಕ್ಕೆ ಎಲ್ಲಿ ಹೋದರೂ ಬೆಲೆ ಇದೆ. 1970ರಲ್ಲಿ ಜೇಮ್ಸ್ ವಿಲ್ಕಿನ್ಸನ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂದದ್ದೂ ಇಂಥದೇ ದೋಷದ ಲೆಕ್ಕಕ್ಕೆ.

ಖರ್ಚಿಗೆ ದುಡ್ಡು ಎಲ್ಲಿಂದ?

ಸಮ್ಮೇಳನದವರನ್ನೇ ಮೊದಲು ಕೇಳಿ. ನೋಂದಣಿ ಶುಲ್ಕದ ರಿಯಾಯಿತಿ, ವಿದ್ಯಾರ್ಥಿ ಪ್ರಯಾಣ ನೆರವು ಇದ್ದರೆ ಅದರ ಅರ್ಜಿಯ ಗಡುವು ಅಬ್‌ಸ್ಟ್ರಾಕ್ಟ್ ಗಡುವಿಗಿಂತ ಮುಂಚೆಯೇ ಇರುವುದುಂಟು. ದೇಶದೊಳಗೆ ಎನ್‌ಬಿಎಚ್‌ಎಂ (ಉನ್ನತ ಗಣಿತದ ರಾಷ್ಟ್ರೀಯ ಮಂಡಳಿ), ಸಿಎಸ್‌ಐಆರ್, ಹಿಂದೆ ಎಸ್‌ಇಆರ್‌ಬಿ ಆಗಿದ್ದು ಈಗ ಎಎನ್‌ಆರ್‌ಎಫ್ ಆಗಿರುವ ಸಂಸ್ಥೆ ಇವುಗಳ ಪ್ರಯಾಣ ನೆರವಿನ ಪ್ರಕಟಣೆಗಳನ್ನು ನೋಡುತ್ತಿರಿ. ಎಲ್ಲ ಕಡೆ ಕೇಳುವ ಕಾಗದಗಳು ಹೆಚ್ಚುಕಡಿಮೆ ಅವೇ: ಸ್ವೀಕಾರ ಪತ್ರ, ಅಬ್‌ಸ್ಟ್ರಾಕ್ಟ್, ಕಾಲೇಜು ಅಥವಾ ವಿಶ್ವವಿದ್ಯಾಲಯದ ಮುಖ್ಯಸ್ಥರ ಸಹಿ.

ಸಿಕ್ಕಿಕೊಳ್ಳುವುದು ಎಲ್ಲಿ ಅಂದರೆ, ಸ್ವೀಕಾರ ಪತ್ರ ಬಂದು ನೆರವಿನ ತೀರ್ಮಾನ ಆಗುವಷ್ಟರಲ್ಲಿ ‘ಅರ್ಲಿ ಬರ್ಡ್’ ಶುಲ್ಕದ ದಿನ ಮುಗಿದಿರುತ್ತದೆ. ಸಂಘಟಕರಿಗೆ ಪರಿಸ್ಥಿತಿ ತಿಳಿಸಿ ದಿನ ಮುಂದೂಡಲು ಕೇಳಿ. ಕೇಳಿದವರಿಗೆ ಸಿಗುವುದುಂಟು.

ಪಾಸ್‌ಪೋರ್ಟ್, ವೀಸಾ?

ಪಾಸ್‌ಪೋರ್ಟ್ ಈಗಲೇ ಮಾಡಿಸಿ, ಸಮ್ಮೇಳನ ಗೊತ್ತಾಗಲಿ ಬಿಡಲಿ. ನಮ್ಮ ಕಡೆ ಹೆಸರಿನದೇ ದೊಡ್ಡ ತಂಟೆ. ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಹಿಂದುಮುಂದು. ನೋಂದಣಿ ಫಾರಂನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ, ಏಕೆಂದರೆ ಆಹ್ವಾನ ಪತ್ರ ಆ ಹೆಸರಿಗೇ ಬರುತ್ತದೆ.

ಹೇಗ್‌ಗೆ ಹೋಗಲು ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಬ್ರಿಟನ್ನಿಗೆ ಈ ವೀಸಾ ನಡೆಯುವುದಿಲ್ಲ, ಬೇರೆಯೇ ಮಾಡಿಸಬೇಕು.

ಸುಳ್ಳು ಸಮ್ಮೇಳನ ಗುರುತಿಸುವುದು ಹೇಗೆ?

ಗಣಿತ, ಮ್ಯಾನೇಜ್‌ಮೆಂಟ್, ನರ್ಸಿಂಗ್ ಎಲ್ಲ ಒಂದೇ ಸಮ್ಮೇಳನದಲ್ಲಿದ್ದರೆ, ಕಳಿಸಿದ ಮರುದಿನವೇ ‘ಸ್ವೀಕೃತ’ ಎಂದು ಬಂದರೆ, ಮೊದಲ ಮೇಲ್‌ನಲ್ಲೇ ದುಡ್ಡಿನ ಮಾತಿದ್ದರೆ ದೂರ ಇರಿ. ಸಮಿತಿಯಲ್ಲಿರುವ ಹೆಸರುಗಳಲ್ಲಿ ಎರಡನ್ನು ಆರಿಸಿ ಅವರ ಸ್ವಂತ ಪುಟದಲ್ಲಿ ಈ ಸಮ್ಮೇಳನದ ಪ್ರಸ್ತಾಪ ಇದೆಯೇ ನೋಡಿ. ಅವರಿಗೇ ಗೊತ್ತಿಲ್ಲದೆ ಹೆಸರು ಹಾಕಿರುತ್ತಾರೆ. ಪತ್ರಿಕೆಗಳ ಮಾತೂ ಇದೇ. ಹಳೆಯ, ಗಟ್ಟಿ ಹೆಸರುಗಳು ಕೆಲವೇ: ನ್ಯೂಮರಿಶೆ ಮ್ಯಾಥಮ್ಯಾಟಿಕ್ (1959), ಬಿಐಟಿ (1961), ಸಿಯಾಮ್‌ನ ನ್ಯೂಮರಿಕಲ್ ಅನಾಲಿಸಿಸ್ ಪತ್ರಿಕೆ, ಮ್ಯಾಥಮೆಟಿಕ್ಸ್ ಆಫ್ ಕಂಪ್ಯುಟೇಷನ್, ಐಎಂಎ ಪತ್ರಿಕೆ. ವಿಶೇಷ ಸಂಚಿಕೆಗೆ ಕರೆದಿದ್ದಾರೆ ಅಂದರೆ ಪ್ರಕಟವಾಯಿತು ಅಂತಲ್ಲ, ಪರಿಶೀಲನೆ ಅಲ್ಲೂ ಇದೆ.

ಲೇಖನಗಳನ್ನು ಓದಲು ದುಡ್ಡು ಕೇಳುತ್ತದೆ. ಏನು ಮಾಡೋದು?

ಸರ್ಕಾರಿ ಕಾಲೇಜು–ವಿಶ್ವವಿದ್ಯಾಲಯದವರಾದರೆ 2025ರ ಜನವರಿ 1ರಿಂದ ಶುರುವಾದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ 30 ಪ್ರಕಾಶಕರ ಪತ್ರಿಕೆಗಳು ತೆರೆದಿವೆ. ಸ್ಪ್ರಿಂಗರ್, ಆಕ್ಸ್‌ಫರ್ಡ್‌ನವು ಅದರಲ್ಲಿವೆ. ಲಾಗಿನ್ ಬಗ್ಗೆ ಲೈಬ್ರರಿಯನ್ ಅವರನ್ನು ಕೇಳಿ.

ಖಾಸಗಿ ಕಾಲೇಜಿನವರಿಗೆ ಅರ್ಕೈವ್ (arXiv, ಸಂಶೋಧಕರೇ ಲೇಖನ ಹಾಕುವ ಜಾಲತಾಣ) ಇದ್ದೇ ಇದೆ, ಪುಕ್ಕಟೆ. ಅಲ್ಲಿ ‘ಮ್ಯಾತ್ ಡಾಟ್ ಎನ್‌ಎ’ ವಿಭಾಗ ನಮ್ಮದು. ಸೋಮವಾರದಿಂದ ಶುಕ್ರವಾರದವರೆಗೆ ನಸುಕಿನ 5.30ಕ್ಕೆ (ಅಮೆರಿಕದ ಚಳಿಗಾಲದಲ್ಲಿ 6.30ಕ್ಕೆ) ಹೊಸ ಪಟ್ಟಿ ಬೀಳುತ್ತದೆ, ಹಾಲಿನವರು ಬರುವ ಹೊತ್ತು. ನಿಮ್ಮದನ್ನು ಮೊದಲ ಸಲ ಹಾಕಲು ಎಂಡಾರ್ಸ್‌ಮೆಂಟ್ (ಅಲ್ಲಿ ಈಗಾಗಲೇ ಬರೆದವರ ಶಿಫಾರಸು) ಬೇಕಾಗುತ್ತದೆ, ಗೈಡ್ ಮೊದಲೇ ಹಾಕಿದ್ದರೆ ಸುಲಭ.

ಲ್ಯಾಬ್ ಮ್ಯಾನ್ಯುಯಲ್‌ನ ಪೈಥಾನ್ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಬಿಡುಗಡೆ ಪ್ರಕಟಣೆಯಲ್ಲಿ ಏನು ನೋಡಬೇಕು?

‘ತೆಗೆದುಹಾಕಿದ್ದು’ ಮತ್ತು ‘ಬಳಕೆ ಬಿಡಿ’ (ಡೆಪ್ರಿಕೇಟೆಡ್) ಎಂಬ ಎರಡು ಭಾಗ. ಪೈಥಾನಿನಲ್ಲಿ ಲೆಕ್ಕಕ್ಕೆ ಬಳಸುವ ಲೈಬ್ರರಿಗಳು ನಮ್‌ಪೈ, ಸೈಪೈ. ನಮ್‌ಪೈ 2.0 ಬಂದದ್ದು 2024ರ ಜೂನ್‌ನಲ್ಲಿ. ಅದರಲ್ಲಿ ‘ಟ್ರ್ಯಾಪ್‌ಜ್’ ಬದಲು ‘ಟ್ರೆಪಿಝಾಯ್ಡ್’ ಬಳಸಿ ಎಂದಾಯಿತು. ಸೈಪೈ 1.14ರಲ್ಲಿ ‘ಇಂಟರ್ಪ್‌2ಡಿ’ ಹೋಯಿತು. ಇಂಥವು ಎರರ್ ಅಥವಾ ಎಚ್ಚರಿಕೆ ಕೊಡುತ್ತವೆ, ಹುಡುಕಿ ತಿದ್ದಬಹುದು.

ಸದ್ದಿಲ್ಲದೆ ಬದಲಾದದ್ದು ಅಪಾಯ. ಹಳೆಯ ನಮ್‌ಪೈನಲ್ಲಿ 32 ಬಿಟ್‌ನ ಒಂದು ಬಿಡಿ ಸಂಖ್ಯೆಗೆ ಪೈಥಾನಿನ ಮಾಮೂಲಿ 3.0 ಕೂಡಿಸಿದರೆ ಉತ್ತರ 64 ಬಿಟ್‌ಗೆ ಏರುತ್ತಿತ್ತು. 2.0ರಲ್ಲಿ 32 ಬಿಟ್‌ನಲ್ಲೇ ಉಳಿಯುತ್ತದೆ. 16 ಅಂಕಿ ಸರಿ ಬರುತ್ತಿದ್ದ ಕಡೆ 7 ಅಂಕಿ. ರೆಕಾರ್ಡ್ ಪುಸ್ತಕದ ಉತ್ತರಕ್ಕೂ ಪರದೆಯ ಉತ್ತರಕ್ಕೂ ಎಂಟನೇ ಅಂಕಿಯಿಂದ ಹೊಂದದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಪ್ರತಿ ಬ್ಯಾಚ್‌ಗೆ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಆವೃತ್ತಿ ಸಂಖ್ಯೆಯನ್ನು ರೆಕಾರ್ಡಿನ ಮೊದಲ ಪುಟದಲ್ಲಿ ಬರೆಸಿ.

ಪಿಎಚ್‌.ಡಿ. ಹುದ್ದೆಗಳ ಪ್ರಕಟಣೆ ನಮಗೂ ಅನ್ವಯಿಸುತ್ತದಾ?

ಯುರೋಪಿನಲ್ಲಿ ಪಿಎಚ್‌.ಡಿ. ಬಹುಮಟ್ಟಿಗೆ ಸಂಬಳದ ನೌಕರಿ, ಮೂರರಿಂದ ನಾಲ್ಕು ವರ್ಷದ ಕರಾರು, ಸಾಮಾನ್ಯವಾಗಿ ಮಾಸ್ಟರ್ಸ್ ಆಗಿರಬೇಕು. ಅರ್ಜಿಯಲ್ಲಿ ತಪ್ಪುವುದು ಪರಿಚಯ ಪತ್ರದಲ್ಲಿ: ಒಂದೇ ಪತ್ರವನ್ನು ಇಪ್ಪತ್ತು ಕಡೆ ಕಳಿಸಿದ್ದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ಆ ಪ್ರಾಜೆಕ್ಟಿನ ಒಂದು ಲೇಖನ ಓದಿ, ಅದರ ಒಂದು ಚಿಕ್ಕ ಪ್ರಯೋಗವನ್ನು ನೀವೇ ಓಡಿಸಿ, ಬಂದ ಗ್ರಾಫನ್ನು ಜೊತೆಗೆ ಹಾಕಿ.

ದೇಶದೊಳಗೆ ಸಿಎಸ್‌ಐಆರ್–ಯುಜಿಸಿ ನೆಟ್‌ನ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧಕರದು) 42,000 ರೂಪಾಯಿ, 2023ರ ಜನವರಿಯಿಂದ. ನೆನಪಿಡಿ, 371(ಜೆ) ಪ್ರಮಾಣಪತ್ರ ರಾಜ್ಯದ ಸೀಟು–ನೌಕರಿಗಷ್ಟೇ. ನೆಟ್, ಗೇಟ್‌ಗೆ ಅದು ಲೆಕ್ಕಕ್ಕಿಲ್ಲ. ರಾಜ್ಯದ 2ಎ, 3ಬಿ ಪ್ರಮಾಣಪತ್ರವೂ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದ್ದರೆ ಕೇಂದ್ರದ ನಮೂನೆಯಲ್ಲೇ ಒಬಿಸಿ–ಎನ್‌ಸಿಎಲ್ ಪಡೆಯಬೇಕು. ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಹಾಕುವಾಗಲೇ ಇದನ್ನು ಬಿಡಿಸಿ ಹೇಳಿ.

ಬಹುಮಾನಗಳಿಗೆ ವಯಸ್ಸಿನ ಮಿತಿ ಇದೆಯಾ?

ಕೆಲವಕ್ಕೆ ಇದೆ. 1985ರಲ್ಲಿ ಶುರುವಾದ ಲೆಸ್ಲಿ ಫಾಕ್ಸ್ ಬಹುಮಾನ 31 ತುಂಬದವರಿಗೆ, ಅದಕ್ಕೆ ಬರೆದ ಲೇಖನ ಕಳಿಸಬೇಕು, ಆಯ್ಕೆಯಾದವರು ಭಾಷಣ ಕೊಡಬೇಕು. ವಿಲ್ಕಿನ್ಸನ್ ಹೆಸರಿನ ಬಹುಮಾನಗಳಲ್ಲಿ ಒಂದು ಸಾಫ್ಟ್‌ವೇರಿಗೆ. ಎರಡಕ್ಕೂ ಕೈಹಾಕುವ ಮುನ್ನ ಹಿಂದೆ ಗೆದ್ದವರ ಲೇಖನ ಒಂದನ್ನಾದರೂ ಪೂರ್ತಿ ಓದಿ.

ಆನ್‌ಲೈನ್ ಭಾಷಣಗಳ ವೇಳೆ ಪ್ರತಿ ಸಲ ತಪ್ಪುತ್ತದೆ.

ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಬದಲಿಸುತ್ತಾರೆ, ಅಮೆರಿಕದವರು ಮಾರ್ಚ್ ಎರಡನೇ ಮತ್ತು ನವೆಂಬರ್ ಮೊದಲನೇ ಭಾನುವಾರ. ಜರ್ಮನಿಯ ಮಧ್ಯಾಹ್ನ 2 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 5.30, ಚಳಿಗಾಲದಲ್ಲಿ 6.30.

ಇಲ್ಲೇ ಒಂದು ಕಾರ್ಯಾಗಾರ ಮಾಡಬೇಕೆಂದಿದ್ದೇವೆ. ಪ್ರಕಟಣೆಯಲ್ಲಿ ಏನೇನು ಇರಬೇಕು?

ದಿನಾಂಕ, ಜಾಗ, ವಿಷಯ, ಭಾಷಣಕಾರರಲ್ಲಿ ಒಪ್ಪಿಗೆ ಕೊಟ್ಟವರ ಹೆಸರು ಮಾತ್ರ, ಶುಲ್ಕ, ಎಷ್ಟು ಜನಕ್ಕೆ ವಸತಿ, ಅರ್ಜಿಯ ಗಡುವು, ಫಲಿತಾಂಶ ತಿಳಿಸುವ ದಿನ. ಭಾಗವಹಿಸುವವರು ಏನು ಕಲಿತು ಬಂದಿರಬೇಕು ಎಂದು ಎರಡು ಸಾಲು. ಇದನ್ನು ಬರೆಯದಿದ್ದರೆ ಐಗನ್‌ವ್ಯಾಲ್ಯೂ ಕೇಳದವರೂ ಫೈನೈಟ್ ಎಲಿಮೆಂಟ್ ತರಗತಿಗೆ ಬಂದು ಕೂರುತ್ತಾರೆ. ಪ್ರಕಟಣೆ ನಾಲ್ಕು ತಿಂಗಳ ಮುಂಚೆ ಹೊರಡಲಿ.

ಏಪ್ರಿಲ್–ಮೇ ಬೇಡವೇ ಬೇಡ, ರಾಯಚೂರಿನ ಬಿಸಿಲಿಗೆ ಮಧ್ಯಾಹ್ನದ ಲ್ಯಾಬಿನಲ್ಲಿ ಯಾರೂ ಕೂರಲಾರರು. ಡಿಸೆಂಬರ್–ಜನವರಿ ಒಳ್ಳೆಯದು, ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿ ನೋಡಿಕೊಳ್ಳಿ. ಬರುವ ದಾರಿಯನ್ನು ಊರಿಗೆ ತಕ್ಕಂತೆ ಬರೆಯಿರಿ: ರಾಯಚೂರು ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿದೆ, ವಿಮಾನದಲ್ಲಿ ಬರುವವರಿಗೆ ಹೈದರಾಬಾದ್; ಕೊಪ್ಪಳ, ಬಳ್ಳಾರಿ ಎರಡೂ ಹುಬ್ಬಳ್ಳಿ–ಗುಂತಕಲ್ ಮಾರ್ಗದಲ್ಲಿ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣವನ್ನು ಬರೆಯುವ ಮುನ್ನ ಆ ವಾರ ವಿಮಾನ ಇದೆಯೇ ಖಾತ್ರಿ ಮಾಡಿಕೊಳ್ಳಿ. ಹೊರಗಿನಿಂದ ಬಂದವರು ಒಂದು ದಿನ ಹಂಪಿಗೆ ಹೋಗಿಯೇ ಹೋಗುತ್ತಾರೆ, ಅದನ್ನು ಕಾರ್ಯಕ್ರಮದಲ್ಲೇ ಸೇರಿಸಿಬಿಟ್ಟರೆ ಮೂರನೇ ದಿನ ಹಾಜರಾತಿ ಉಳಿಯುತ್ತದೆ. ಚಳಿಗಾಲದಲ್ಲಿ ಹೊಸಪೇಟೆಯ ಲಾಡ್ಜ್‌ಗಳು ಪ್ರವಾಸಿಗರಿಂದ ತುಂಬಿರುತ್ತವೆ, ರೂಮುಗಳನ್ನು ಪ್ರಕಟಣೆ ಹೊರಡಿಸಿದ ವಾರವೇ ಹಿಡಿದಿಡಿ.